ಸೂಚಕರು, ಅನುಮೋದಕರು

ನಾಮಪತ್ರದ ಮೂರನೇ ಕಲಂ ಕೇಳುತ್ತದೆ:
ನಿಮ್ಮ ಬಗ್ಗೆ, ನೂರೈವತ್ತು ಪದ ಮೀರದಂತೆ.
ಇಪ್ಪತ್ತಾರು ವರ್ಷ ಕಂಕನಾಡಿಯ ಈ ಮೊದಲ ಮಹಡಿಯಲ್ಲಿ
ಇದನ್ನು ಕೇಳುತ್ತಿದ್ದವಳು ನಾನು.
'ನಿಮ್ಮ ಬಗ್ಗೆ ಹೇಳಿ. ಎಲ್ಲಿಂದ ಶುರು ಮಾಡಿದರೂ ಅಡ್ಡಿಯಿಲ್ಲ.'
ಅಷ್ಟೊಂದು ಜನ ಚಪ್ಪಲಿಯ ಬಾರನ್ನೇ ನೋಡುತ್ತ ಯಾಕೆ ಕೂತರೆಂದು
ಈಗ ಗೊತ್ತಾಗುತ್ತಿದೆ.

ಹೆಸರು: ಹಿಲ್ಡಾ ಸಿಕ್ವೇರಾ. ಅದು ಸುಲಭ.
ಬಯಸುವ ಸ್ಥಾನ: ಅಧ್ಯಕ್ಷೆ, ಮನಶ್ಶಾಸ್ತ್ರಜ್ಞರ ಸಂಘ, ಜಿಲ್ಲಾ ಘಟಕ.
ಬರೆದು ಪೆನ್ನಿನ ಮುಚ್ಚಳ ಹಾಕಿದೆ,
ಏನೋ ಕದ್ದವಳ ಹಾಗೆ ಬಾಗಿಲ ಕಡೆ ನೋಡಿದೆ.
ಬೇಕಾದದ್ದನ್ನು ಬೇಕು ಎಂದೇ ಹೇಳಿ,
ಇದು ನಾನು ಸೋಮವಾರ ಕೊಡುವ ಸಲಹೆ,
ಬುಧವಾರವೂ ಕೊಡುತ್ತೇನೆ, ರಶೀದಿ ಸಮೇತ.

ಯಾಕೆ ಬೇಕು?
ಸುರತ್ಕಲ್ ಕಡೆಯ ಶಾಲೆಯಲ್ಲಿ ನಿಶ್ಮಿತಾ ಬಂಗೇರ ಎಂಬ ಹುಡುಗಿ,
ಸಾವಿರದ ನೂರು ಮಕ್ಕಳಿಗೆ ಒಬ್ಬಳೇ ಆಪ್ತಸಮಾಲೋಚಕಿ.
ಅವಳಿಗೆ ಕೊಟ್ಟದ್ದು ಆಟದ ಸಾಮಾನಿನ ಕೋಣೆ.
ಗಾಳಿ ಹೋದ ವಾಲಿಬಾಲುಗಳ ನಡುವೆ ಕೂತು
ಒಂಬತ್ತನೇ ಕ್ಲಾಸಿನವನೊಬ್ಬ
ಮನೆಯಲ್ಲಿ ಹೇಳಲಾಗದ್ದನ್ನು ಹೇಳತೊಡಗಿದಾಗ
ಪಿ.ಟಿ. ಮಾಸ್ತರು ಬಾಗಿಲು ದೂಡಿದರಂತೆ:
'ಇಲ್ಲೊಂದು ಸೀಟಿ ಇತ್ತಲ್ಲ, ಎಲ್ಲಿ ಮಾರಾಯ್ತಿ?'
ಹುಡುಗ ಮತ್ತೆ ಬಾಯಿ ತೆರೆಯಲಿಲ್ಲ. ಈ ಜೂನಿಗೆ ವರ್ಷವಾಯಿತು.
ಅವಳು ಬರೆದ ಪತ್ರ ಸಂಘದ ಕಡತದಲ್ಲಿದೆ,
'ಗಮನಿಸಲಾಗಿದೆ' ಎಂಬ ನೀಲಿ ಮುದ್ರೆಯ ಕೆಳಗೆ.
ತಟ್ಟಿಯೇ ಒಳಗೆ ಬರಬೇಕಾದ ಬಾಗಿಲಿನ ಒಂದು ಕೋಣೆ.
ನನ್ನ ಪ್ರಣಾಳಿಕೆ ಪೂರ್ತಿ ಅಷ್ಟೇ.
ಪದ ಬೇಕಾದರೆ ಎಣಿಸಿಕೊಳ್ಳಲಿ.

ಮತದಾರರು ಅರವತ್ತೊಂದು ಜನ.
ಕೆಳಗಿನ ಬೇಕರಿಯಿಂದ ಬನ್ನಿನ ತಟ್ಟೆ ಹೊರಬರುವ ಹೊತ್ತಿಗೆ
ಫೋನು ಹಿಡಿದು ಕೂತೆ.
ಮೊದಲಿಗೆ ಪುತ್ತೂರಿನ ಕೆದಿಲಾಯರು.
ಓಹೋ, ಎಂಥ ವಿಶೇಷ, ಎಂದವರು ನಿದ್ದೆಯೇ ಇಲ್ಲ ಎಂದರು.
ಎಷ್ಟು ದಿನದಿಂದ? ಕೇಳಿಬಿಟ್ಟೆ. ಬಾಯಿಗೆ ಅಂಟಿದ ಚಾಳಿ.
ನಲವತ್ತು ನಿಮಿಷ.
ಮತ್ತೆ ದೇರಳಕಟ್ಟೆಯಲ್ಲಿ ಪಾಠ ಮಾಡುವ ಝುಲೈಕಾ.
ಶೋಕದ ಹಂತಗಳನ್ನು ಬೋರ್ಡಿನ ಮೇಲೆ ಬರೆಯುತ್ತ
ನಾಲ್ಕನೆಯದಕ್ಕೆ ಸೀಮೆಸುಣ್ಣ ನಿಂತುಬಿಟ್ಟಿತಂತೆ.
ತಮ್ಮ ತೀರಿ ಮೂರು ತಿಂಗಳು.
ಇನ್ನೊಬ್ಬರು, 'ಓಟಲ್ವಾ? ಕೊಟ್ಟೆ ಕೊಟ್ಟೆ' ಎಂದು ಫೋನಿಟ್ಟರು.
ಅವರ ಬಗ್ಗೆಯೇ ನನಗೆ ಸ್ವಲ್ಪ ಚಿಂತೆ.
ಒಂಬತ್ತಾದಾಗ ಪಟ್ಟಿಯಲ್ಲಿ ಆರು ಹೆಸರಿಗೆ ಗೀಟು ಬಿದ್ದಿತ್ತು.
ಯಾರ ಹತ್ತಿರವೂ ಓಟು ಕೇಳಿರಲಿಲ್ಲ.

ನಡುವೆ ಎಲ್ಲೋ, ಅಕ್ಷರಾನುಕ್ರಮದಲ್ಲಿ, ವಾಮನ ಮಲ್ಯರು.
ಎರಡು ಅವಧಿಯಿಂದ ಅಧ್ಯಕ್ಷರು, ಮತ್ತೆ ನಿಂತಿದ್ದಾರೆ,
ನೀಲಿ ಮುದ್ರೆ ಅವರ ಡ್ರಾಯರಿನದು.
ಅವರೂ ಮತದಾರರೇ ಅಲ್ಲವೇ.
'ನಿಲ್ಲು ಹಿಲ್ಡಾ, ನಿಲ್ಲಲೇಬೇಕು,' ಎಂದರು.
ಆಮೇಲೆ ತುಸು ತಡೆದು,
'ಇದನ್ನೂ ಬಿಟ್ಟರೆ ಭಾನುವಾರ ನಾನು ಏನು ಮಾಡುವುದು, ಹೇಳು.'
ನಾನು ಸುಮ್ಮನಿದ್ದೆ.
ಕಲಿತು ಬಂದ ಸುಮ್ಮನಿರುವಿಕೆ ಅಲ್ಲ ಅದು,
ಹೇಳಲು ಏನೂ ಇರಲಿಲ್ಲ.
ರಸ್ತೆಯಲ್ಲಿ ಕೊನೆಯ ಟ್ರಿಪ್ಪಿನ ಕಂಡಕ್ಟರ್
ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್ ಎಂದು ಖಾಲಿ ಬಸ್ಸಿನ ಬದಿಗೆ ಬಡಿಯುತ್ತಿದ್ದ.

'ಸರ್,' ಎಂದೆ, 'ನಿಮ್ಮ ಓಟು ನನಗೆ ಬೇಕು.'

ಆ ಕಡೆ ಉಸಿರು. ಫ್ಯಾನಿನ ಕಿರುಗು.
ಯಾರೋ ಅವರನ್ನು ಊಟಕ್ಕೆ ಕರೆದದ್ದು.
ಎಷ್ಟು ಹೊತ್ತಾಯಿತು ಎಂದು ಕತ್ತೆತ್ತಿದರೆ
ಎದುರಿನ ಗೋಡೆಯಲ್ಲಿ ಗಡಿಯಾರ ಇಲ್ಲ.
ಅದು ನನ್ನ ಬೆನ್ನಿಗಿತ್ತು,
ಬಂದವರಿಗೆ ಕಾಣದಿರಲಿ, ನನಗೆ ಮಾತ್ರ ಕಾಣಲಿ ಎಂದು
ನಾನೇ ತೂಗುಹಾಕಿದ ಗೋಡೆಯಲ್ಲಿ.
ಕರೆ ಮಾಡುತ್ತ ಮಾಡುತ್ತ ಯಾವ ಹೊತ್ತಿನಲ್ಲೋ ಎದ್ದು ಬಂದು
ಅವರೆಲ್ಲ ಕೂರುವ ಕುರ್ಚಿಯಲ್ಲಿ ಕೂತಿದ್ದೇನೆ,
ಚಪ್ಪಲಿಯ ಬಾರು ನೋಡುತ್ತ,
ಫೋನು ಕಿವಿಗೆ ಒತ್ತಿಕೊಂಡು.