ಫುಟ್‌ಬೋರ್ಡ್

ಏಳು ವಾರ. ಪರದೆಯ ಮೇಲೆ
ಡಾಕ್ಟರ್ ನಿಖತ್ ಬೆರಳಿಟ್ಟರು:
ಹಳೇ ಸಿಸೇರಿಯನ್ ಗಾಯದ ಸಂದಿಯಲ್ಲಿ ಕೂತಿದೆ,
ಮೂತ್ರಕೋಶಕ್ಕೂ ಅದಕ್ಕೂ ನಡುವೆ
ಎರಡೇ ಮಿಲಿಮೀಟರು.

ಹನ್ನೊಂದು ವರ್ಷದಿಂದ ಕೂಗುತ್ತಿದ್ದೇನೆ
ಮಾರ್ಕೆಟ್ಟಿನಿಂದ ಬನಶಂಕರಿವರೆಗೆ,
ಒಳಗೆ ಹೋಗ್ರೀ, ಜಾಗ ಇದೆ,
ಬಾಗಿಲಲ್ಲಿ ನಿಲ್ಲಬೇಡ್ರೀ.
ಬಸ್ಸೆಲ್ಲ ಖಾಲಿಯಿದ್ದರೂ
ನೀನು ಫುಟ್‌ಬೋರ್ಡನ್ನೇ ಹಿಡಿದೆ,
ನಿನ್ನಕ್ಕ ಇಳಿದುಹೋದ ಬಾಗಿಲು ಅದು.

ಮಿಡಿತ ಇದೆಯಾ, ಅಂದೆ.
ಇದೆ, ಅಂದರು.
ಸುಳ್ಳು ಹೇಳಬಹುದಿತ್ತು.
ಕಾದರೆ ಹರಿಯುತ್ತೆ,
ಆಮೇಲೆ ನಿಮ್ಮನ್ನೂ ಹಿಡಿಯೋಕಾಗಲ್ಲ.

ಎರಡು ಬಾಟಲಿ ರಕ್ತ ತಯಾರಿರಲಿ ಎಂದರು.
ಡಿಪೋದಿಂದ ಡ್ರೈವರ್ ಮುನಿಸ್ವಾಮಪ್ಪ ಬಂದರು,
ಖಾಕಿಯಲ್ಲೇ, ತೋಳು ಮಡಚಿಕೊಂಡು;
ಏನು ಕಾಯಿಲೆ ಅಂತ ಕೇಳಲಿಲ್ಲ.

ಹೊಟ್ಟೆಗೆ ಮೂರು ತೂತು, ಒಂದು ಕ್ಯಾಮೆರಾ.
ನಿನ್ನ ಜೊತೆ ಆ ಹಳೇ ಗಾಯವನ್ನೂ ಕತ್ತರಿಸಿ ತೆಗೆದು
ಎರಡು ಪದರ ಹೊಸ ಹೊಲಿಗೆ ಹಾಕಿದರಂತೆ.
ಎಚ್ಚರವಾದಾಗ ಗಂಟಲು ಒಣಗಿತ್ತು.
ರಕ್ತ ಹೆಚ್ಚು ಹೋಗಲಿಲ್ಲ, ಗರ್ಭಕೋಶ ಉಳೀತು, ಎಂದರು ಡಾಕ್ಟರು.
ನನಗೆ ಖುಷಿಯಾಯಿತು.
ಅದನ್ನು ಯಾರಿಗೂ ಹೇಳಿಲ್ಲ.
ಬಾಟಲಿ ವಾಪಸು ಹೋಯಿತು;
ಮುನಿಸ್ವಾಮಪ್ಪನವರ ರಕ್ತ
ಈಗ ಯಾರ ಮೈಯಲ್ಲಿ ಓಡುತ್ತಿದೆಯೋ.

ಇವತ್ತು ಮತ್ತೆ ಡ್ಯೂಟಿ.
ಆರು ವರ್ಷದೊಳಗಿನವರಿಗೆ ಟಿಕೆಟ್ ಬೇಡ, ರೂಲ್ಸು ಗೊತ್ತು.
ಚಾಮರಾಜಪೇಟೆಯಲ್ಲಿ ಗಕ್ಕನೆ ಬ್ರೇಕ್ ಬಿದ್ದು,
ಕೈ ತಾನಾಗಿ ಹೊಟ್ಟೆಗೆ ಹೋಗಿ,
ಮೆಶೀನಿನಿಂದ ಸೊನ್ನೆ ರೂಪಾಯಿಯ ಟಿಕೆಟ್ಟೊಂದು
ಹೆಚ್ಚಿಗೆ ಬಂತು.
ಹರಿಯಲಾಗಲಿಲ್ಲ.
ಚಿಲ್ಲರೆಯಡಿ ಇಟ್ಟಿದ್ದೇನೆ.
ಚೆಕಿಂಗಿನವರು ಹತ್ತಿ
ಇದು ಯಾರದಮ್ಮಾ ಎಂದು ಕೇಳಿದರೆ
ಯಾವ ಸ್ಟೇಜಿನಲ್ಲಿ ಇಳಿದರು ಅನ್ನಲಿ?