ಬಾಲದ ತೂಕ

ಮೂವತ್ತೊಂದು ವರ್ಷ ತೂಕದ ಕಟ್ಟೆಯಲ್ಲಿ ಕೂತವನು ಇದ್ವಲ್.
ಗಣಿಯಿಂದಿಳಿದ ಲಾರಿ ಬಂದು ನಿಲ್ಲುವುದು,
ಇವನು ಚೀಟಿ ಹರಿಯುವುದು,
ನೀಲಿಗಪ್ಪು ಸ್ಲೇಟುಕಲ್ಲು ಬಂದರಿಗೆ ಹೋಗುವುದು.
ಮದುವೆಯ ದಿನವೂ ಹೊಸ್ತಿಲಲ್ಲಿ ನನ್ನನ್ನೆತ್ತಿ
"ಐವತ್ನಾಲ್ಕು" ಎಂದವನು.
ಐವತ್ತಾರಿದ್ದೆ. ಹೇಳಲಿಲ್ಲ.

ಈಗ ನಿವೃತ್ತಿ. ಅಂಗಳದಲ್ಲಿ ಕ್ಯಾಂಪರ್ ವ್ಯಾನು,
ಒಳಗೆ ಒಲೆ, ಹಾಸಿಗೆ, ಗೇಣಗಲದ ಸಿಂಕು.
ವ್ಯಾನು ನಿಂತಲ್ಲೇ ನಿಂತಿರಲಿ;
ಹಾಲು ಬ್ರೆಡ್ಡಿಗೆ, ಗುಡ್ಡದ ಸಂದಿಯ ದಾರಿಗೆ
ಹಿಂದೆ ನೇತುಹಾಕಲು ಒಂದು ಬೈಕು ಬೇಕು.
ಇಷ್ಟೇ ಮಾತು. ಇಷ್ಟಕ್ಕೇ ಚಳಿಗಾಲವೆಲ್ಲ ಹೋಯಿತು.

"ನೋಡು ನೆರಿಸ್," ಎನ್ನುತ್ತಾನೆ, ಬೆಣ್ಣೆಚಾಕು ಬೆರಳ ಮೇಲೆ ನಿಲ್ಲಿಸಿ,
"ಹಿಂದಿನ ಗಾಲಿಯಾಚೆ ತೂಗುವ ನೂರು ಕಿಲೋ
ನೂರಲ್ಲ, ನೂರನಲವತ್ತು.
ಆ ನಲವತ್ತನ್ನು ಮುಂದಿನ ಗಾಲಿಯಿಂದ ಕದಿಯುತ್ತದೆ.
ಬಾಲ ಭಾರವಾದರೆ ಮೂಗು ಹಗುರ,
ಮೂಗು ಹಗುರಾದದ್ದು ತಿರುವಿನಲ್ಲಿ ಮಾತು ಕೇಳದು."
ಚಾಕು ಬಿತ್ತು. ಮೇಜುಬಟ್ಟೆಗೆ ಬೆಣ್ಣೆ.
ನನಗೆ ಅವನ ತಮ್ಮ ನೆನಪಾದ. ಸುಮ್ಮನಿದ್ದೆ.

ಶೆಡ್ಡಿನಲ್ಲಿದೆ ಹಳೆಯ ಇನ್ನೂರೈವತ್ತು ಸಿ.ಸಿ.,
ಅದರ ಟ್ಯಾಂಕಿನೊಳಗೆ ಅವನ ಇಪ್ಪತ್ತೆರಡರ ಪ್ರಾಯ.
ಪೆಟ್ರೋಲು ಬಿಟ್ಟು ನೂರ ಮೂವತ್ತೇಳು ಕಿಲೋ.
ಕಂಬಳಿ ಹೊದಿಸಿ, ಸದ್ದಾಗದಂತೆ ಬಾಗಿಲೆಳೆದು ಬಂದ,
ಮಗು ಮಲಗಿದ ಕೋಣೆಯಿಂದ ಬರುವ ಹಾಗೆ.

ಮೊದಲು ನೋಡಿದ್ದು ಬಂಡೆ ಹತ್ತುವ ಸ್ಪರ್ಧೆಯ ಬೈಕು.
ಎಪ್ಪತ್ತೆರಡೇ ಕಿಲೋ! ಹೂವೆತ್ತಿದಂತೆ ಎತ್ತಿ ಇಟ್ಟ.
ಸೀಟೇ ಇಲ್ಲ. ನಿಂತೇ ಓಡಿಸಬೇಕು.
"ನಾನೆಲ್ಲಿ ಕೂರಲಿ?" ಎಂದೆ.
ಸೀಟಿರಬೇಕಾದ ಜಾಗವನ್ನೇ ಬಹಳ ಹೊತ್ತು ನೋಡಿದ,
ಲೆಕ್ಕದಲ್ಲಿ ಒಂದು ಸೊನ್ನೆ ಬಿಟ್ಟವನಂತೆ.

ಆಮೇಲೆ ಬ್ಯಾಟರಿಯದು: ಹಗುರ, ಸದ್ದಿಲ್ಲ,
ರಾತ್ರಿಯಿಡೀ ನಮ್ಮ ದೀಪದ ಕರೆಂಟು ಕುಡಿಯುತ್ತದೆ.
ಮಡಚುವ ಸ್ಕೂಟರು: ಅದರ ಗಾಲಿ
ನಮ್ಮೂರ ಹೊಂಡಕ್ಕೆ ಒಂದೇ ತುತ್ತು.

ಕೊನೆಗೆ ಬಾಲಾ ಸರೋವರದ ದಂಡೆ,
ಎಲುನೆಡ್ ಎಂಬ ಸೂಲಗಿತ್ತಿಯ ಕೊಟ್ಟಿಗೆ.
ಕ್ಲಚ್ಚಿಲ್ಲದ ನೂರಹತ್ತು ಸಿ.ಸಿ., ಉದ್ದನೆ ಸೀಟು,
ತೊಂಬತ್ತೊಂಬತ್ತು ಕಿಲೋ.
"ಇದರ ಮೇಲೆ ಹೋಗಿ ಇನ್ನೂರು ಹೆರಿಗೆ ಮಾಡಿಸಿದ್ದೇನೆ.
ನಾನು ತಡವಾದದ್ದಿಲ್ಲ," ಎಂದಳು, "ಮಕ್ಕಳು ಅವಸರ ಮಾಡಿದ್ದುಂಟು."
ಇದ್ವಲ್ ಜೇಬಿನ ಪಟ್ಟಿ ಬಿಡಿಸಿದ: ರ‍್ಯಾಕು, ಹಲಗೆ, ಬೆಲ್ಟು, ಬೀಗ...
ನಾನು ಬೈಕನ್ನು ಒದ್ದೆ ಹುಲ್ಲಿನ ಮೇಲೆ ಮಲಗಿಸಿಬಿಟ್ಟೆ.
ಇಬ್ಬರೂ ಹೌಹಾರಿದರು.
ಅದಕ್ಕೆ ಬೆನ್ನು ಕೊಟ್ಟು, ಹ್ಯಾಂಡಲ್ಲು ತಿರುಗಿಸಿ ಹಿಡಿದು,
ಸೊಂಟವನ್ನಲ್ಲ, ತೊಡೆಯನ್ನು ನಂಬಿ
ಎದ್ದೆ.
ಅದೂ ಎದ್ದಿತು.
"ಇದು ಆದೀತು," ಎಂದೆ, ಏದುಸಿರಲ್ಲೇ.

ಹೊರಡುವ ಮುನ್ನ ಅವನದೇ ಹಳೆಯ ಕಟ್ಟೆ.
ಕಿಟಕಿಯಲ್ಲಿ ಈಗ ಹೆಲೆದ್, ಒಂದೇ ಕಿವಿಗೆ ಮೂರು ರಿಂಗು.
ಅರವತ್ತು ಕಿಲೋ ಹೆಚ್ಚು.
ನೆಲಕ್ಕಿಳಿದವು ಬೀಡಿನ ಬಾಣಲೆ, ಬಟ್ಟೆಯ ಚಪ್ಪರ,
ಅರ್ಧ ಟ್ಯಾಂಕು ನೀರು, ನನ್ನ ನಿಘಂಟು.
ಇನ್ನೂ ಇಪ್ಪತ್ತು.
ಆಗ ಹಾಸಿಗೆಯಡಿಯಿಂದ ಅವನೇ ಎಳೆದ
ನಾನು ಕಾಣದ ಒಂದು ತಗಡಿನ ಟ್ರಂಕು.
ಬರೀ ಚೀಟಿ. ಕಾರ್ಬನ್ನಿನ ನೀಲಿಯಲ್ಲಿ
ಮೂವತ್ತೊಂದು ವರ್ಷದ ಲಾರಿಗಳು, ಮಳೆ, ಡ್ರೈವರುಗಳ ಸಹಿ.
ಹೆಲೆದ್ ನಗದೆ ಅದನ್ನೂ ತೂಗಿದಳು: ಹತ್ತೊಂಬತ್ತು.
ಉಳಿದ ಒಂದಕ್ಕೆ ಕಣ್ಣು ಮುಚ್ಚಿದಳು.
"ನನ್ನ ಕುರ್ಚಿಯ ಕೆಳಗಿರುತ್ತದೆ," ಎಂದು
ನಮ್ಮ ಚೀಟಿ ಹರಿದು ಕೊಟ್ಟಳು.
ಅವನು ಎರಡು ಸಲ ಓದಿದ, ಎದೆಜೇಬಿಗಿಟ್ಟ.

ಇಷ್ಟೆಲ್ಲ ಆಗಿಯೂ, ಮೊದಲ ಇರುಳು,
ಬಾಲ ಒಂದು ಬೆರಳು ಕೆಳಗೇ.
ಹಾಗಾಗಿ ನಮ್ಮ ದೀಪ ರಸ್ತೆ ಬಿಟ್ಟು
ಮರಗಳ ನೆತ್ತಿ ನೋಡುತ್ತಿತ್ತು.
ಓಕ್ ಕೊಂಬೆಯ ಗೂಬೆಯೊಂದು ಮುಖ ತಿರುಗಿಸಿ
ನಮ್ಮನ್ನು ಅಳೆಯಿತು.
ದೀಪ ತಗ್ಗಿಸುವ ಗುಬುಟಿಗೆ ಇದ್ವಲ್ ಕೈ ಚಾಚಿದ.
"ತಡಿ," ಎಂದೆ, "ಇನ್ನೊಂದು ತಿರುವು."