ಕೊನೆಯ ಡಜನ್

ಮಾರ್ಚ್. ವೂಜ್ ನಗರದಂಚಿನ ತೋಟದಲ್ಲಿ
ಮಣ್ಣಿನ್ನೂ ಕಲ್ಲು.
ಯದ್ವಿಗಾ ಕತ್ತರಿ ಹಿಡಿದು ಹೈಡ್ರೇಂಜಿಯದ ತಲೆ ಬೋಳಿಸುತ್ತಾಳೆ,
ಕಡ್ಡಿಗೆ ಎರಡೇ ಕಣ್ಣು ಉಳಿಸಿ.
‘ಕೊಂದೆಯಲ್ಲ!’ ಬೇಲಿಯಾಚೆ ಝೆನೋನ್.

ಹುಟ್ಟಾ ಮರವಲ್ಲ ಇದು, ಪೊದೆ.
ಬುಡದ ಚಿಗುರು ಚಿವುಟಿ ಚಿವುಟಿ
ಒಂಟಿಕಾಲಲ್ಲಿ ನಿಲ್ಲಲು ಕಲಿಸಿದ್ದಾಳೆ, ಆರು ವರ್ಷ.
ಗೂಟಕ್ಕೆ ಕಟ್ಟಿದ್ದು ನೈಲಾನ್ ಕಾಲುಚೀಲ:
ಬಾಗಿಲು ಹಾಕಿದ ದಿನ ಗಿರಣಿ
ಸಂಬಳದ ಬದಲು ಕೊಟ್ಟ ಡಜನ್.
ಕಾಂಡ ದಪ್ಪಗಾದಷ್ಟೂ ಹಿಗ್ಗುತ್ತದೆ,
ಕೊಯ್ಯುವುದಿಲ್ಲ.

ಆಗಸ್ಟ್. ರಾತ್ರಿಯೆಲ್ಲ ಮಳೆ.
ಬಿಳಿ ಗೊಂಚಲು ನೀರು ಕುಡಿದು ತೂಗಿ
ನೆಲ ಮೂಸುತ್ತಿವೆ; ಕಾಂಡ ಮಾತ್ರ ನೆಟ್ಟಗೆ.
ಬೇಲಿಯ ಬಳಿ ಝೆನೋನ್ ಕೆಮ್ಮಿದ:
‘ಕಾಲುಚೀಲ ಇನ್ನೊಂದಿದೆಯಾ?
ನನ್ನ ಟೊಮೇಟೊ...’

ಜೋಡಿ ಮುರಿದು
ಒಂದನ್ನು ಕೊಟ್ಟಳು.